ಚೀನಿ ಮೇಷ್ಟ್ರು ಕೊಟ್ಟೂರೇಶ

ದಾವಣಗೆರೆಯ ಸರಸ್ವತಿ ನಗರದಲ್ಲಿ ಕೊಟ್ಟೂರೇಶನ ಮನೆ ಯಾವುದೆಂದು ಕೇಳಿದರೆ ಹೇಳುವವರು ಕಡಿಮೆ. ಚೀನಿ ಮೇಷ್ಟ್ರ ಮನೆ ಎಂದರೆ ಮೂಲೆಯ ಅಂಗಡಿಯವನೂ ಎದ್ದು ಬಂದು ಕೈ ತೋರಿಸುತ್ತಾನೆ. ಆ ಹೆಸರು ಬಿದ್ದಾಗ ಅವನಿಗೆ ಇಪ್ಪತ್ತೇಳು ತುಂಬಿರಲಿಲ್ಲ. ಈಗ ಆ ಹೆಸರಿನಿಂದ ಯಾರಾದರೂ ಕರೆದರೆ ಅವನು ತಿರುಗಿ ನೋಡುವುದಿಲ್ಲ.

ಅವನ ಅಪ್ಪ ತೋಟಪ್ಪ ಮಂಡಿಪೇಟೆಯಲ್ಲಿ ಮೆಕ್ಕೆಜೋಳದ ವ್ಯಾಪಾರಿ. ಮನೆತನದಲ್ಲಿ ಒಬ್ಬ ಡಾಕ್ಟರಾಗಲಿ ಎಂಬ ಹಟ ಅವರದು. ಇಲ್ಲಿ ಸೀಟು ಸಿಗದೆ, ೨೦೧೭ರಲ್ಲಿ ಮಗನನ್ನು ಚೀನಾದ ಹುನಾನ್ ಪ್ರಾಂತ್ಯದ ಒಂದು ಊರಿಗೆ ಎಂಬಿಬಿಎಸ್ ಓದಲು ಕಳಿಸಿದರು. ಪಾಠ ಇಂಗ್ಲಿಷಿನಲ್ಲಿ, ರೋಗಿಗಳ ಮಾತು ಚೀನಿಯಲ್ಲಿ. ‘ಎಲ್ಲಿ ನೋವು’ ಎಂದು ಕೇಳಲು ಬಾರದೆ ಡಾಕ್ಟರ ಹಿಂದೆ ಕಂಬದಂತೆ ನಿಲ್ಲುವುದು ಕೊಟ್ಟೂರೇಶನಿಗೆ ನಾಚಿಕೆಯೆನಿಸಿತು. ವಾರ್ಡಿನ ಮುದುಕಿಯರ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತು ಮಾತು ಕಲಿತ. ಮೂರನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ ಕಣ್ಣು ಮುಚ್ಚಿ ಕೇಳಿದರೆ ಅಲ್ಲಿಯವನೇ ಎನ್ನುವಷ್ಟು ನಾಲಿಗೆ ಹೊರಳುತ್ತಿತ್ತು.

೨೦೨೦ರ ಜನವರಿಯಲ್ಲಿ ಎರಡು ವಾರದ ರಜೆಗೆಂದು ಒಂದು ಬ್ಯಾಗು ಬಟ್ಟೆ ತಂದಿದ್ದ. ಅಷ್ಟರಲ್ಲಿ ಕೊರೋನಾ ಬಂದು ಆ ದೇಶದ ಬಾಗಿಲು ಮುಚ್ಚಿತು. ರೋಗಿಯ ಮೈ ಮುಟ್ಟಿ ಕಲಿಯಬೇಕಾದ ವಿದ್ಯೆಯನ್ನು ಮೊಬೈಲಿನಲ್ಲಿ ನೋಡಿ ಕಲಿ ಎಂದರು. ಮರುವರ್ಷದ ಎರಡನೆಯ ಅಲೆಯಲ್ಲಿ ತೋಟಪ್ಪ ತೀರಿಕೊಂಡರು. ಬಾಗಿಲು ಮತ್ತೆ ತೆರೆಯುವಷ್ಟರಲ್ಲಿ ಅಂಗಡಿ ಬೇರೆಯವರ ಪಾಲಾಗಿತ್ತು, ತಾಯಿ ಸರ್ವಮಂಗಳಮ್ಮ ಮಾತು ಕಡಿಮೆ ಮಾಡಿದ್ದರು, ಕೊಟ್ಟೂರೇಶನಿಗೆ ಓದಿದ್ದೆಲ್ಲ ಮಾಸಿಹೋಗಿತ್ತು. ಅವನು ವಾಪಸು ಹೋಗಲಿಲ್ಲ. ಅತ್ತ ಡಾಕ್ಟರೂ ಅಲ್ಲ, ಇತ್ತ ವ್ಯಾಪಾರಿಯೂ ಅಲ್ಲ. ಉಳಿದದ್ದು ಆ ಭಾಷೆಯೊಂದೇ.

ಅದಕ್ಕೆ ಬೆಲೆ ಬಂದದ್ದು ಹರಿಹರದಲ್ಲಿ. ಅಲ್ಲಿನ ಒಂದು ಅಕ್ಕಿ ಗಿರಣಿಯವರು ಕಪ್ಪು ಕಾಳು ಆರಿಸುವ ಚೀನಾದ ಮಷೀನು ತರಿಸಿದ್ದರು. ಅದು ಕೆಟ್ಟು ನಿಂತಾಗ ಪರದೆಯ ಮೇಲೆ ಬರೀ ಚೀನಿ ಅಕ್ಷರ. ರಿಪೇರಿಯವರು ಬರಲು ವೀಸಾ ಸಿಗುತ್ತಿರಲಿಲ್ಲ. ಯಾರೋ ಕೊಟ್ಟೂರೇಶನ ಹೆಸರು ಹೇಳಿದರು. ಅವನು ಹೋಗಿ ಪರದೆ ಓದಿ, ಕಂಪನಿಯವರಿಗೆ ಫೋನು ಹಚ್ಚಿ, ಅವರು ಹೇಳಿದಂತೆ ಒಂದು ಗಾಳಿಯ ನಳಿಕೆ ಬಿಚ್ಚಿಸಿ ತೊಳೆಸಿದ. ಮಷೀನು ಓಡಿತು. ಆಮೇಲೆ ವಾರಕ್ಕೆರಡು ಕಡೆಯಿಂದ ಕರೆ. ಪ್ಲಾಸ್ಟಿಕ್ ಅಚ್ಚಿನವರು, ಹೊಲಿಗೆ ಮಷೀನಿನವರು, ಸೋಲಾರ್ ಹಾಕಿಸುವವರು ಎಲ್ಲರಿಗೂ ಅವನು ಬೇಕಾದ. ಮನೆಯ ಮುಂದಿನ ಕೋಣೆಯಲ್ಲಿ ಬೆಂಚು ಹಾಕಿಸಿ, ಗೇಟಿಗೆ ಬೋರ್ಡು ತೂಗಿಸಿ, ಚೀನೀ ಭಾಷೆಯ ಕ್ಲಾಸು ಶುರು ಮಾಡಿದ.

“ಇಂಗ್ಲಿಷ್ ಬರೋರು ಬೀದಿಗೆ ನೂರು ಮಂದಿ ಅದಾರ,” ಎಂದು ಮೊದಲ ದಿನ ಹನ್ನೊಂದು ಜನರ ಮುಂದೆ ಹೇಳಿದ. “ಇದು ಬರೋರು ಜಿಲ್ಲೆಗೆ ಒಬ್ಬ. ಇನ್ನ ಹತ್ತು ವರ್ಷಕ್ಕ ಇದನ್ನ ಬಲ್ಲವರನ್ನ ಹುಡುಕ್ಕೊಂಡು ಬರ್ತಾರ, ನೋಡ್ತಿರ್ರಿ.”

ಹೇಳುವಾಗ ಅವನು ಅದನ್ನು ಪೂರ್ತಿ ನಂಬಿದ್ದ.

ಹನ್ನೊಂದು ಜನರಲ್ಲಿ ಲತಾ ಬೇರೆಯೇ. ಭಾನುವಳ್ಳಿಯವಳು, ಬಿಕಾಂ ಮುಗಿಸಿದ್ದಳು. ತಂದೆ ಸಣ್ಣತಿಮ್ಮಪ್ಪ ಅದೇ ಹರಿಹರದ ಗಿರಣಿಯಲ್ಲಿ ಚೀಲ ಹೊರುವ ಹಮಾಲಿ. ಕೆಟ್ಟು ನಿಂತ ಮಷೀನಿನ ಮುಂದೆ ಕೊಟ್ಟೂರೇಶ ಮಾತಾಡಿದ್ದನ್ನು ನೋಡಿ, ಮನೆಗೆ ಹೋಗಿ ಮಗಳಿಗೆ ಹೇಳಿದ್ದು ಅವನೇ. ಅವಳು ಊರಿಂದ ಹರಿಹರಕ್ಕೊಂದು ಬಸ್ಸು, ಅಲ್ಲಿಂದ ದಾವಣಗೆರೆಗೆ ಇನ್ನೊಂದು ಬಸ್ಸು ಹತ್ತಿ ಬರುವಳು. ಒಂದೇ ಶಬ್ದವನ್ನು ನಾಲ್ಕು ರಾಗದಲ್ಲಿ ಹೇಳಿದರೆ ನಾಲ್ಕು ಅರ್ಥವಾಗುವ ಭಾಷೆ ಅದು. ಉಳಿದವರು ಅಲ್ಲೇ ಎಡವಿದರು. ಕೊಟ್ಟೂರೇಶ ಅವರಿಗೆ ನಮ್ಮ ‘ಹ್ಞೂಂ’ ತೋರಿಸಿದ. ಒಪ್ಪಿದಾಗ ಒಂದು ಹ್ಞೂಂ, ನಂಬಿಕೆ ಬಾರದಿದ್ದಾಗ ಒಂದು, ಸಿಟ್ಟಿಗೆ ಒಂದು, ಕತೆ ಕೇಳುವಾಗ ಒಂದು. “ನಮ್ಮವ್ವನ ಹತ್ರ ಏಳೆಂಟು ಥರದ್ದು ಅದಾವ ಸರ್,” ಎಂದು ಲತಾ ನಗಿಸಿದ್ದಳು. ಒಂದೂವರೆ ವರ್ಷದಲ್ಲಿ ಅವಳು ಅವನೊಡನೆ ಕನ್ನಡ ಬಿಟ್ಟು ಚೀನಿಯಲ್ಲೇ ವಾದ ಹೂಡುವಷ್ಟಾದಳು.

ಕೆಲಸದ ಸುದ್ದಿ ಬಂದದ್ದು ೨೦೨೪ರ ಮೇ ತಿಂಗಳಲ್ಲಿ, ಮೊಬೈಲಿನ ಒಂದು ಗುಂಪಿನಲ್ಲಿ. ಥೈಲ್ಯಾಂಡಿನಲ್ಲಿ ಚೀನೀ ಕಂಪನಿ, ಗ್ರಾಹಕರ ಜೊತೆ ಮಾತಾಡುವ ಅನುವಾದಕರು ಬೇಕು, ಹೆಣ್ಣುಮಕ್ಕಳಿಗೆ ಹಾಸ್ಟೆಲ್ಲು ಉಂಟು. ಸಣ್ಣತಿಮ್ಮಪ್ಪ ಮಗಳನ್ನು ಕರೆದುಕೊಂಡು ಕ್ಲಾಸಿಗೆ ಬಂದ.

“ನಮಗೇನು ತಿಳಿತೈತ್ರಿ ಮೇಷ್ಟ್ರೇ. ನೀವೊಂದು ಸಲ ಮಾತಾಡಿ ನೋಡ್ರಿ. ನೀವು ಹ್ಞೂಂ ಅಂದ್ರ ಕಳಿಸ್ತೀನಿ, ಬ್ಯಾಡ ಅಂದ್ರ ಬ್ಯಾಡ.”

ಕೊಟ್ಟೂರೇಶ ಅವರೆದುರೇ ವಿಡಿಯೋ ಕರೆ ಮಾಡಿದ. ಆ ಕಡೆಯ ಹೆಂಗಸು ಅಚ್ಚುಕಟ್ಟಾಗಿ ಮಾತಾಡಿದಳು. ಅವನ ಚೀನಿಯನ್ನು ಮೂರು ಸಲ ಹೊಗಳಿದಳು. ಆಫೀಸು ಎಲ್ಲಿ ಎಂದು ಕೇಳಿದ್ದಕ್ಕೆ ಊರಿನ ಹೆಸರು ಹೇಳದೆ, ‘ಯುವಾನ್‌ಚ್ಯು’ ಒಳಗೇ ಎಲ್ಲ ಇದೆ, ಊಟ, ವಸತಿ, ಅಂಗಡಿ, ಹೊರಗೆ ಹೋಗುವ ಕೆಲಸವೇ ಇಲ್ಲ ಎಂದಳು. ಆ ಶಬ್ದ ಕೊಟ್ಟೂರೇಶನಿಗೆ ಗೊತ್ತಿತ್ತು. ಕಾಂಪೌಂಡು ಹಾಕಿದ ಕೈಗಾರಿಕಾ ಪ್ರದೇಶ. ಊರಿನ ಹೆಸರು ಯಾಕೆ ಹೇಳಲಿಲ್ಲ ಎಂದು ಒಂದು ಕ್ಷಣ ಮನಸ್ಸಿಗೆ ಮುಳ್ಳು ತಾಗಿತು. ಆದರೆ ತನ್ನ ಮೊದಲ ವಿದ್ಯಾರ್ಥಿನಿ ಹೊರದೇಶಕ್ಕೆ ಹೋಗುತ್ತಾಳೆಂಬ ಹಿಗ್ಗು ಆ ಮುಳ್ಳನ್ನು ಮುಚ್ಚಿಬಿಟ್ಟಿತು.

“ನಮ್ಮ ಹರಿಹರದ ಇಂಡಸ್ಟ್ರಿಯಲ್ ಏರಿಯಾ ಇದ್ದಂಗ ತಿಮ್ಮಪ್ಪಣ್ಣ,” ಎಂದ. “ಚಲೋ ಜನ. ಕಳಿಸ್ರಿ.”

ಲತಾ ಜೂನ್ ಎರಡನೆಯ ವಾರ ಹೊರಟಳು. ಬ್ಯಾಂಕಾಕಿನಲ್ಲಿ ಇಳಿದೆ ಎಂದು ಫೋಟೋ ಕಳಿಸಿದಳು. ಅಲ್ಲಿಂದ ಎಂಟು ತಾಸು ಕಾರಿನಲ್ಲಿ ಕರೆದೊಯ್ದು, ಗಡಿಯ ನದಿ ದಾಟಿಸಿ, ಬರ್ಮಾದೊಳಗೆ ಇಳಿಸಿದ್ದು ಇಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಫೋನು ಸತ್ತಿತು. ಒಂದು ವಾರ, ಎರಡು ವಾರ, ಒಂದು ತಿಂಗಳು. ಸಣ್ಣತಿಮ್ಮಪ್ಪ ದಿನವೂ ಗಿರಣಿಯಿಂದ ಫೋನು ಮಾಡಿ “ಏನಾರ ಬಂತಾ ಮೇಷ್ಟ್ರೇ?” ಎನ್ನುವನು. ಹೊಸ ಸಿಮ್ಮು ಸಿಕ್ಕಿರಲಿಕ್ಕಿಲ್ಲ ಎಂದು ಕೊಟ್ಟೂರೇಶ ಅವನಿಗೂ ತನಗೂ ಹೇಳಿಕೊಳ್ಳುವನು.

ಜುಲೈ ಕೊನೆಯ ಒಂದು ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ವಿಡಿಯೋ ಕರೆ ಬಂತು. ಪರದೆಯಲ್ಲಿ ಲತಾ. ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿದ್ದರು. ಪಕ್ಕದಲ್ಲಿ ಒಬ್ಬ ಗಂಡಸಿನ ಕೈ ಮಾತ್ರ ಕಾಣುತ್ತಿತ್ತು, ಕೈಯಲ್ಲಿ ಚಹಾದ ಗಾಜಿನ ಲೋಟ.

“ಇವಳ ಮೇಷ್ಟ್ರು ನೀನೇನಾ?” ಎಂದು ಆ ದನಿ ಚೀನಿಯಲ್ಲಿ ಕೇಳಿತು. “ಚೆನ್ನಾಗಿ ಕಲಿಸಿದ್ದೀಯ. ನಿನ್ನ ಮಾತಿನಲ್ಲಿ ಹುನಾನಿನ ವಾಸನೆ ಇದೆಯಲ್ಲ, ಎಲ್ಲಿದ್ದೆ?”

ಕೊಟ್ಟೂರೇಶ ಊರು ಹೇಳಿದ.

“ಅದರ ಪಕ್ಕದ ಜಿಲ್ಲೆ ನಮ್ಮದು!” ದನಿ ಅರಳಿತು. ಅಲ್ಲಿಯ ಅಕ್ಕಿಶಾವಿಗೆಯ ಬಗ್ಗೆ, ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯ ಬಗ್ಗೆ ಅವನು ಕೇಳಿದ. ಕೊಟ್ಟೂರೇಶ ಉತ್ತರ ಕೊಟ್ಟ. ನಾಲ್ಕು ವರ್ಷದಿಂದ ಯಾರೂ ತನ್ನ ಜೊತೆ ಹಾಗೆ ಮಾತಾಡಿರಲಿಲ್ಲ. ಅರ್ಧ ನಿಮಿಷ ಅವನಿಗೆ ಖುಷಿಯಾಯಿತು. ಎದುರಿಗೆ ಲತಾ ಹಾಗೆ ಕುಳಿತಿರುವಾಗ ತನಗೆ ಖುಷಿಯಾಯಿತು ಎಂಬುದನ್ನು ಅವನು ಇವತ್ತಿಗೂ ತನಗೆ ಕ್ಷಮಿಸಿಕೊಂಡಿಲ್ಲ.

ಆಮೇಲೆ ಆ ದನಿ ವಿಷಯಕ್ಕೆ ಬಂತು. ಇಲ್ಲಿಯ ಕೆಲಸ, ದೂರದ ದೇಶಗಳವರಿಗೆ ಫೋನಿನಲ್ಲಿ ಪ್ರೀತಿ ನಟಿಸಿ, ಮೋಸ ಮಾಡುವುದು. ಹುಡುಗಿ ಒಪ್ಪುತ್ತಿಲ್ಲ. “ನನಗೆ ದುಡ್ಡು ಬೇಡ. ಇವಳಷ್ಟು ಮಾತು ಬಲ್ಲ ಇಬ್ಬರನ್ನು ಕಳಿಸು. ಇವಳು ಮನೆಗೆ ಬರುತ್ತಾಳೆ. ಹತ್ತು ದಿನ.”

ಲತಾ ಮುಖದ ಮೇಲೆ ಅಳುವಿನ ವೇಷ ತಂದುಕೊಂಡು, ಕೈ ಮುಗಿದು, ಭಾನುವಳ್ಳಿಯ ಮಾತಿನಲ್ಲಿ ಗಡಬಡಿಸಿ ಹೇಳಿದಳು: “ಸರ್, ಯಾರ್‍ನೂ ಕಳಿಸಬ್ಯಾಡ್ರಿ. ಕೈ ಮುಗಿತೀನಿ. ನಾನು ಬಂದಂಗ ಇನ್ನೊಬ್ರು ಬರೋದು ಬ್ಯಾಡ.”

“ಏನಂದಳು?” ಎಂದು ದನಿ ಕೇಳಿತು.

“ಬೇಗ ಬಿಡಿಸಿಕೊಳ್ಳಿ ಅಂದಳು,” ಎಂದ ಕೊಟ್ಟೂರೇಶ. ಕರೆ ಕಡಿಯಿತು.

ಅವತ್ತು ಸಂಜೆ ಆರಕ್ಕೆ ಕ್ಲಾಸಿತ್ತು. ಲತಾಳ ನಂತರ ಚೆನ್ನಾಗಿ ಮಾತು ಕಲಿತವರು ಇಬ್ಬರೇ, ಅಶ್ವಥ್ ಮತ್ತು ಮಾಸೂಮಾ. ಲೆಕ್ಕ ಸರಿಯಾಗಿ ಇಬ್ಬರು. ಮಧ್ಯಾಹ್ನದಿಂದ ಆ ಯೋಚನೆ ಅವನ ತಲೆಯೊಳಗೆ ಹೊಕ್ಕು ಕುಳಿತಿತ್ತು. ಇವರು ಹೋದರೆ ಅವಳು ಬರುತ್ತಾಳೆ, ಆಮೇಲೆ ಪೊಲೀಸರಿಗೆ ಹೇಳಿ ಇವರನ್ನೂ ಬಿಡಿಸಿದರಾಯಿತು. ಬೋರ್ಡಿನ ಮುಂದೆ ನಿಂತು ಸೀಮೆಸುಣ್ಣ ತಿರುವುತ್ತ ಅವನು ಕೇಳಿಯೇಬಿಟ್ಟ.

“ಅಶ್ವಥ್, ಪಾಸ್‌ಪೋರ್ಟ್ ಐತೇನಪ್ಪ?”

“ಹೋದ ವಾರ ಬಂತು ಸರ್!” ಅಶ್ವಥ್ ಬೆಂಚಿನಿಂದ ಅರ್ಧ ಎದ್ದಿದ್ದ. “ಯಾಕ ಸರ್, ಎಲ್ಯಾರ ಓಪನಿಂಗ್ ಐತೇನು?”

“ಇದ್ರ ನನ್ ಹೆಸರೂ ಬರ್ಕೊಳ್ರಿ ಸರ್,” ಎಂದಳು ಮಾಸೂಮಾ. “ಲತಕ್ಕ ಒಬ್ರೇ ಹೋದ್ರೆ ಹೆಂಗೆ?”

ಕೊಟ್ಟೂರೇಶ ಅವರಿಬ್ಬರ ಮುಖ ನೋಡಿದ. ಸೀಮೆಸುಣ್ಣ ಕೆಳಗಿಟ್ಟು ಕುರ್ಚಿಯಲ್ಲಿ ಕುಳಿತ. ನಂತರ ಮಧ್ಯಾಹ್ನದ ಕರೆಯನ್ನು ಒಂದು ಮಾತೂ ಬಿಡದೆ, ತಾನು ಈಗಷ್ಟೇ ಯಾಕೆ ಪಾಸ್‌ಪೋರ್ಟ್ ಕೇಳಿದೆ ಎಂಬುದನ್ನೂ ಬಿಡದೆ ಹೇಳಿದ. ಮಾಸೂಮಾ ಪುಸ್ತಕ ಬ್ಯಾಗಿಗೆ ಹಾಕಿಕೊಂಡು, ಅವನ ಕಡೆ ನೋಡದೆ ಎದ್ದು ಹೋದಳು. ಮರುದಿನ ಕ್ಲಾಸಿಗೆ ಒಬ್ಬರೂ ಬರಲಿಲ್ಲ. ಗೇಟಿನ ಬೋರ್ಡನ್ನು ಅವನೇ ಬಿಚ್ಚಿದ.

“ಹುಡುಗಿ ಮನಿಯವ್ರಿಗೆ ಹೇಳಿದೇನು ಕೊಟ್ರ?” ಎಂದು ಸರ್ವಮಂಗಳಮ್ಮ ಕೇಳಿದರು. “ಹೋಗಿ ಹೇಳು. ಅವರು ಬೈದ್ರ ಬೈಸ್ಕೊ.”

ಹರಿಹರದ ಗಿರಣಿಯಲ್ಲಿ ಊಟದ ಬಿಡುವು. ಸಣ್ಣತಿಮ್ಮಪ್ಪ ಚೀಲದ ನಿಟ್ಟಿಗೆ ಒರಗಿ ರೊಟ್ಟಿ ಬಿಚ್ಚಿದ್ದ. ಕೊಟ್ಟೂರೇಶ ಅವನೆದುರು ಕುಕ್ಕರಗಾಲಲ್ಲಿ ಕುಳಿತು ಎಲ್ಲ ಹೇಳಿದ. ಸಣ್ಣತಿಮ್ಮಪ್ಪ ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟ. ಆಮೇಲೆ ಹೇಳಿದ:

“ನೀವು ಮಾತಾಡಿದ್ರಲ್ಲ ಮೇಷ್ಟ್ರೇ. ಚಲೋ ಜನ ಅಂದ್ರಲ್ಲ.”

ಅಷ್ಟೇ. ಕಪಾಳಕ್ಕೆ ಬಾರಿಸಿದ್ದರೆ ಹಗುರಾಗುತ್ತಿತ್ತೇನೋ.

ಇಬ್ಬರೂ ದಾವಣಗೆರೆಗೆ ಹೋಗಿ ದೂರು ಕೊಟ್ಟರು. ಸಬ್ ಇನ್‌ಸ್ಪೆಕ್ಟರ್ ಶೋಭಾರಾಣಿ ಸಮಾಧಾನದಿಂದ ಕೇಳಿ ಬರೆದುಕೊಂಡರು. ಇಂಥ ದೂರು ರಾಜ್ಯದಲ್ಲಿ ಇದೇ ಮೊದಲಲ್ಲ ಎಂದರು. ದಿಲ್ಲಿಗೆ ಕಾಗದ ಹೋಗುತ್ತದೆ, ರಾಯಭಾರ ಕಚೇರಿಗೆ ಹೋಗುತ್ತದೆ, ಆದರೆ ಆ ಜಾಗದಲ್ಲಿ ಯಾವ ಸರ್ಕಾರದ ಮಾತೂ ನಡೆಯುವುದಿಲ್ಲ ಎಂದರು. ‘ಯುವಾನ್‌ಚ್ಯು’ ಎಂಬ ಶಬ್ದಕ್ಕೆ ಆ ಗಡಿಯಲ್ಲಿ ಈಗ ಇರುವ ಅರ್ಥವನ್ನೂ ಅವರೇ ಹೇಳಿದರು. ಮೇಲೆ ಮುಳ್ಳುತಂತಿ ಇರುವ ಗೋಡೆಯೊಳಗೆ ಜನರನ್ನು ಕೂಡಿಹಾಕಿ ಮೋಸದ ಕೆಲಸ ಮಾಡಿಸುವ ಜಾಗ. ನಿಘಂಟಿನಲ್ಲಿ ಅದು ಇರಲಿಲ್ಲ.

ಭಾನುವಳ್ಳಿಗೆ ಹೋಗುವ ಧೈರ್ಯ ಅವನಿಗೆ ಬಂದದ್ದು ಆರನೆಯ ದಿನ. ಲತಾಳ ತಾಯಿ ಕಾಟಮ್ಮ ನಾಲೆಯ ನೀರಿನ ಗದ್ದೆಯಲ್ಲಿ ನಾಟಿ ಮಾಡಿ ಆಗಷ್ಟೇ ಬಂದು ಕಟ್ಟೆಯ ಮೇಲೆ ಕುಳಿತಿದ್ದಳು. ಕಾಲಿನ ಕೆಸರು ಒಣಗಿರಲಿಲ್ಲ. ಗಂಡನಿಂದ ಅವಳಿಗೆ ಎಲ್ಲ ತಿಳಿದಿತ್ತು. ಅವಳು ಬೈಯಲೂ ಇಲ್ಲ, ಅಳಲೂ ಇಲ್ಲ.

“ಅವ್ನು ಮತ್ತ ಫೋನು ಮಾಡ್ತಾನಾ?”

“ಹತ್ತನೇ ದಿನ ಮಾಡ್ತಾನ ಕಾಟಮ್ಮಕ್ಕ.”

“ಅವರ ಭಾಷೆದಾಗ, ನನ್ ಮಗಳನ್ನ ಮನಿಗೆ ಕಳಿಸ್ರಿ ಅನ್ನಾಕ ಹೆಂಗೆ ಅಂತಾರ? ನಂಗ ಕಲ್ಸಿಕೊಡ್ರಿ.”

“ನಾನು ಹೇಳ್ತೀನಲ್ಲ...”

“ನೀವು ಹೇಳೋದು ಬ್ಯಾಡ. ನೀವು ಹೇಳಿದ್ದು ಸಾಕು. ನಾನು ಹೇಳ್ತೀನಿ.”

ಕೊಟ್ಟೂರೇಶ ಅಂಗಳದಲ್ಲಿ ಕುಳಿತು ಕಲಿಸಿದ. ಚಿಂಗ್ ಫಾಂಗ್ ವೋ ನ್ಯುಅರ್ ಹುಯ್ ಜ್ಯಾ. ಎಂದೂ ಶಾಲೆಯ ಮೆಟ್ಟಿಲು ಹತ್ತದ ಹೆಂಗಸು. ‘ನ್ಯುಅರ್’ ಎಂದರೆ ಮಗಳು ಎಂದು ತಿಳಿದ ಮೇಲೆ ಆ ಶಬ್ದವೊಂದನ್ನು ಎಲ್ಲಕ್ಕಿಂತ ಮೊದಲು ಸರಿಯಾಗಿ ಹಿಡಿದಳು. ಉಳಿದದ್ದು ನಾಲಿಗೆಗೆ ಬರಲಿಲ್ಲ. ಮತ್ತೆ ಹೇಳಿದಳು, ಮತ್ತೆ. ಮೂರು ದಿನ ಅವನು ಬಸ್ಸು ಹತ್ತಿ ಹೋಗಿ ಬಂದ. ರೊಟ್ಟಿ ತಟ್ಟುವಾಗ, ನೀರು ಸೇದುವಾಗ ಅವಳ ಬಾಯಲ್ಲಿ ಅದೇ. ಕೇರಿಯವರು ಇವಳಿಗೆ ತಲೆ ಕೆಟ್ಟಿತು ಎಂದುಕೊಂಡರು.

ಹತ್ತನೆಯ ದಿನ ಅವನು ಆ ಅಂಗಳದಲ್ಲೇ ಇದ್ದಾಗ ಕರೆ ಬಂತು. ಈ ಸಲ ಲತಾ ಕಾಣಲಿಲ್ಲ, ಬರೀ ದನಿ. “ಇಬ್ಬರು ಸಿಕ್ಕರಾ?” ಎಂದಿತು. “ಯಾರೂ ಇಲ್ಲ, ಯಾರೂ ಬರುವುದಿಲ್ಲ,” ಎಂದ ಕೊಟ್ಟೂರೇಶ. ಕಾಟಮ್ಮ ಅವನ ಕೈಯಿಂದ ಫೋನು ಕಿತ್ತುಕೊಂಡಳು. ಎರಡೂ ಕೈಯಲ್ಲಿ ಹಿಡಿದು, ಒಂದು ಅಕ್ಷರವೂ ಜಾರದಂತೆ, ನಿಧಾನಕ್ಕೆ ಹೇಳಿದಳು. ನನ್ನ ಮಗಳನ್ನು ಮನೆಗೆ ಕಳಿಸಿ. ಅವಳು ಮತ್ತೊಮ್ಮೆ ಹೇಳಿದಳು.

“ಉಚ್ಚಾರ ಚೆನ್ನಾಗಿದೆ,” ಎಂದಿತು ದನಿ. “ಮೇಷ್ಟ್ರೇ, ನಿನಗೆ ಇನ್ನೊಬ್ಬಳು ವಿದ್ಯಾರ್ಥಿನಿ ಸಿಕ್ಕಳು. ಮಗಳು ಇನ್ನು ಮುಂದೆ ಇಲ್ಲೇ ಕೆಲಸ ಮಾಡುತ್ತಾಳೆ, ಬೇರೆ ಕೆಲಸ.” ಫೋನು ಇಟ್ಟ.

“ಏನಂದ?” ಕಾಟಮ್ಮ ಕೇಳಿದಳು. “ನಾ ಅಂದಿದ್ದು ತಿಳೀತಾ ಅವಂಗ?”

“ತಿಳೀತು ಕಾಟಮ್ಮಕ್ಕ.”

“ತಿಳಿದೂ ಬಿಡಲಿಲ್ಲ,” ಎಂದು ಅವಳು ಒಳಗೆ ಹೋದಳು.

ಆಮೇಲೆ ಕರೆ ಬರಲಿಲ್ಲ. ದಸರಾ ಕಳೆಯಿತು, ಸಂಕ್ರಾಂತಿ ಕಳೆಯಿತು. ೨೦೨೫ರ ಮೊದಲ ತಿಂಗಳುಗಳಲ್ಲಿ ಆ ಗಡಿಯ ಜಾಗಗಳ ಮೇಲೆ ದಾಳಿಗಳಾದವು. ಕೂಡಿಹಾಕಿದ್ದವರು ಸಾವಿರ ಸಾವಿರ ಹೊರಬಿದ್ದರು. ಮಾರ್ಚಿನಲ್ಲಿ ಸರ್ಕಾರದ ವಿಮಾನದಲ್ಲಿ ಬಂದವರ ಪೈಕಿ ಲತಾ ಇದ್ದಳು. ಹರಿಹರದ ರೈಲು ಸ್ಟೇಷನ್ನಿನಲ್ಲಿ ಇಳಿದಾಗ ತಾಯಿ ಓಡಿಹೋಗಿ ತಬ್ಬಿಕೊಂಡರೆ, ಅವಳು ಎರಡೂ ಕೈ ಇಳಿಬಿಟ್ಟು ನಿಂತೇ ಇದ್ದಳು.

ಕತೆ ಅಲ್ಲಿಗೆ ಮುಗಿದಿದ್ದರೆ ಸಾಕಿತ್ತು. ಅದೇ ವಿಮಾನದಲ್ಲಿ ಹರಿಹರದ ಫೈಸಲ್ ಎಂಬ ಮೊಬೈಲ್ ರಿಪೇರಿಯವನೂ ಬಂದಿದ್ದ. ಬೇರೆ ಏಜೆಂಟನ ಮಾತು ನಂಬಿ ಅದೇ ಗೋಡೆಯೊಳಗೆ ಸಿಕ್ಕಿಕೊಂಡವನು. ಚೀನಿಯ ಒಂದು ಅಕ್ಷರ ಬಾರದವನು. ಅಲ್ಲಿ ಫೋನು ಬಚ್ಚಿಟ್ಟಿದ್ದಕ್ಕೆ ತಿಂದ ಏಟಿಗೆ ಅವನ ಎಡಗಿವಿ ಕೇಳುತ್ತಿರಲಿಲ್ಲ. ವಾರದೊಳಗೆ ಅವನು ದೂರು ಕೊಟ್ಟ. ಏಜೆಂಟನ ಮೇಲೆ ಒಂದು, ಲತಾಳ ಮೇಲೆ ಇನ್ನೊಂದು. ಭಾಷೆ ಬಲ್ಲವಳೆಂದು ಅವಳನ್ನು ಅಲ್ಲಿಯವರು ದುಭಾಷಿ ಮಾಡಿಕೊಂಡಿದ್ದರು. ನಮ್ಮವರಿಗೆ ಹುಕುಂ ಹೇಳುವವಳು ಅವಳು, ನಮ್ಮವರ ಉತ್ತರ ಅವರಿಗೆ ಮುಟ್ಟಿಸುವವಳು ಅವಳು. ಬೇರೊಬ್ಬನ ಫೋನಿನಲ್ಲಿ ಕದ್ದು ರೆಕಾರ್ಡಾದ ಒಂದು ತುಣುಕು ಪೊಲೀಸರ ಕೈಗೆ ಬಂದಿತ್ತು. ಅದನ್ನು ಕನ್ನಡಕ್ಕೆ ತಂದು ಬರೆದುಕೊಡಲು ಸದ್ಯಕ್ಕೆ ಸಿಕ್ಕವನು ಕೊಟ್ಟೂರೇಶ ಒಬ್ಬನೇ.

ಪೊಲೀಸ್ ಸ್ಟೇಷನ್ನಿನಲ್ಲಿ ಲತಾ ಬಾಗಿಲ ಪಕ್ಕದ ಬೆಂಚಿನಲ್ಲಿ ಕುಳಿತಿದ್ದಳು. ಶೋಭಾರಾಣಿ ತುಣುಕು ಹಾಕಿದರು. ಫೈಸಲ್ ಬೇಡಿಕೊಳ್ಳುವುದು ಕೇಳಿಸಿತು: “ನನ್ ಹತ್ರ ಫೋನಿಲ್ಲ ಅಂತ ಹೇಳು ಲತಾ, ನಿನ್ ಕಾಲಿಗೆ ಬೀಳ್ತೀನಿ.” ಒಂದು ಕ್ಷಣ ಬಿಟ್ಟು ಲತಾಳ ದನಿ, ಕೊಟ್ಟೂರೇಶನೇ ತಿದ್ದಿ ತೀಡಿದ ಶುದ್ಧ ಚೀನಿಯಲ್ಲಿ: ‘ಸುಳ್ಳು ಹೇಳುತ್ತಿದ್ದಾನೆ. ಹಾಸಿಗೆಯ ಕೆಳಗಿದೆ.’

ಕೊಟ್ಟೂರೇಶ ಮೂರು ಸಲ ಹಾಕಿಸಿ ಕೇಳಿದ. ಪೆನ್ನು ಕಾಗದದ ಮೇಲಿತ್ತು, ಓಡಲಿಲ್ಲ.

“ಮೇಡಂ, ಇದು ಸರಿಯಾಗಿ ಕೇಳಾಕತ್ತಿಲ್ಲ...”

“ಇದ್ದಂಗ ಬರೀರಿ ಸರ್,” ಎಂದಳು ಲತಾ ಬೆಂಚಿನಿಂದ. “ನಾನ ಅಂದೀನಿ ಅದು. ಮೊದ್ಲು ಒಂದು ಹುಡುಗಿ ಸಲುವಾಗಿ ಸುಳ್ಳು ಹೇಳಿದ್ದೆ. ಗೊತ್ತಾತು. ಮೂರು ದಿನ ನೀರು ಕೊಡಲಿಲ್ಲ ನಂಗ. ಎರಡ್ನೇ ಸಲ ಧೈರ್ಯ ಬರಲಿಲ್ಲ.”

ಅವನು ಇದ್ದ ಹಾಗೆ ಬರೆದ. ಕೆಳಗೆ ಸಹಿ ಹಾಕಿದ.

ಬಲವಂತಕ್ಕೆ ಸಿಕ್ಕವಳು ಎಂದು ಪೊಲೀಸರು ಅವಳನ್ನು ಆರೋಪಿ ಮಾಡಲಿಲ್ಲ, ಸಾಕ್ಷಿ ಮಾಡಿದರು. ಏಜೆಂಟರ ಮೇಲಿನ ಕೇಸು ಇನ್ನೂ ನಡೆಯುತ್ತಿದೆ. ಭಾನುವಳ್ಳಿಯಲ್ಲಿ ಮಾತ್ರ ಜನ ಅವಳಿಂದ ಒಂದು ಮಾರು ದೂರ ನಿಲ್ಲುತ್ತಾರೆ. ವಿಚಿತ್ರವೆಂದರೆ ಅವಳನ್ನು ಹುಡುಕಿಕೊಂಡು ಬರುವ ಕೆಲಸಗಳು ಹೆಚ್ಚಾಗಿವೆ. ಅಕ್ಕಿ ಗಿರಣಿಯವರು, ಸೋಲಾರ್‌ನವರು, ಬೆಂಗಳೂರಿನ ಎರಡು ಕಂಪನಿಯವರು. ಅವಳಷ್ಟು ಚೆನ್ನಾಗಿ ಚೀನಿ ಆಡುವವರು ಸಿಗುತ್ತಿಲ್ಲವಂತೆ. ಅವಳು ಯಾರಿಗೂ ಉತ್ತರ ಕೊಡುವುದಿಲ್ಲ. ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ ಚೀಲ ಹೊಲಿಯುತ್ತಾಳೆ. ಅಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ.

ಹೋದ ತಿಂಗಳು ಅವಳು ಕೊಟ್ಟೂರೇಶನಿಗೆ ಫೋನು ಮಾಡಿ, ಫೈಸಲ್‌ನ ಮನೆಗೆ ಜೊತೆಗೆ ಬರಲು ಕೇಳಿದಳು. ಎರಡು ಸಲ ಫೈಸಲ್‌ನ ತಾಯಿ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಮೂರನೆಯ ಸಲ ಫೈಸಲ್ ತಾನೇ ಹೊರಗೆ ಬಂದು, ಮೆಟ್ಟಿಲ ಮೇಲೆ, ಕೇಳುವ ಕಿವಿಯನ್ನು ಅವಳ ಕಡೆ ಮಾಡಿಕೊಂಡು ಕುಳಿತ.

“ಒಂದೇ ಕೇಳ್ತೀನಿ,” ಎಂದ. “ಹಾಸಿಗಿ ಕೆಳಗೆ ಐತೆ ಅಂತ ನಿಂಗೆ ಹೆಂಗೆ ಗೊತ್ತಾಯ್ತು?”

ಲತಾ ಅಂಗಳದಲ್ಲಿ ನಿಂತೇ ಇದ್ದಳು.

“ನೀನ ಹೇಳಿದ್ದಿ ಫೈಸಲಣ್ಣ. ‘ನಿಮ್ಮವ್ವನ ಜೊತಿ ಮಾತಾಡ್ಬೇಕು ಅನಿಸಿದ್ರ ಬಾ, ಇಲ್ಲಿ ಇಟ್ಟೀನಿ’ ಅಂತ ನಂಗ ಹೇಳಿದ್ದಿ.”

ಫೈಸಲ್ ತಲೆಯಾಡಿಸಿದ. ಅವನಿಗೂ ಅದು ನೆನಪಿತ್ತು. ಎದ್ದು ಒಳಗೆ ಹೋದ. ಬಾಗಿಲು ಹಾಕಿದ ಸದ್ದು ಜೋರಾಗಿರಲಿಲ್ಲ. ಕೊಟ್ಟೂರೇಶ ಬೈಕು ತಿರುಗಿಸಿದ. ಲತಾ ಹತ್ತಲಿಲ್ಲ. ನಡೆದೇ ಬರುತ್ತೇನೆ ಎಂದು ಕೈಸನ್ನೆ ಮಾಡಿ, ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನ ಕಡೆ ಹೊರಟಳು. ಅವನು ಬೈಕನ್ನು ತಳ್ಳಿಕೊಂಡು, ಹತ್ತು ಹೆಜ್ಜೆ ಹಿಂದೆ, ಅವಳ ಜೊತೆಯೇ ನಡೆದ.